ನಷ್ಟ ಆದದ್ದು ಫಾರ್ವರ್ಡ್‌ನಿಂದಲ್ಲ: ನಮ್ಮ ಬೆಳೆಗಾರರ ಕಂಪನಿಯ ಆಡಳಿತ ಮಂಡಳಿಗೆ ಒಂದು ಬಹಿರಂಗ ಪತ್ರ

ಅಧ್ಯಕ್ಷರಿಗೆ, ನಿರ್ದೇಶಕರಿಗೆ, ನನ್ನ ಹಾಗೆಯೇ ಷೇರು ತಗೊಂಡ ಎಲ್ಲ ಬೆಳೆಗಾರ ಬಂಧುಗಳಿಗೆ ನಮಸ್ಕಾರ.

ಹೋದ ವಾರ ಕಂಪನಿಯ ಸುತ್ತೋಲೆ ಬಂತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರು ಬಂದಿದ್ದರು. ಬೋರ್ಡೋ ದ್ರಾವಣ ಕಲಸಿ ಕೊಟ್ಟು, ಕೈ ತೊಳೆದುಕೊಂಡು ಬಂದು ಓದಿದೆ. ಹೋದ ಹಂಗಾಮಿನಲ್ಲಿ ಕಾಫಿ ರಫ್ತಿನ ಡಾಲರ್ ವ್ಯವಹಾರದಲ್ಲಿ 5,15,200 ರೂಪಾಯಿ ನಷ್ಟ ಆಗಿದೆಯಂತೆ. ಅದಕ್ಕಾಗಿ ಇನ್ನು ಮುಂದೆ ಕಂಪನಿ ಯಾವ ಫಾರ್ವರ್ಡ್ ಒಪ್ಪಂದವನ್ನೂ ಮಾಡಿಕೊಳ್ಳುವುದಿಲ್ಲವಂತೆ. ಎರಡೇ ಸಾಲು. ಸಂಜೆಯ ಹೊತ್ತಿಗೆ ನಮ್ಮ ಗುಂಪಿನಲ್ಲಿ ಎಲ್ಲರೂ ಅದಕ್ಕೆ ಕೈ ಮುಗಿದು, ಒಳ್ಳೆಯ ತೀರ್ಮಾನ ಅಂತ ಬರೆದಿದ್ದರು.

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕಂದರೆ ಆ ಎರಡು ಸಾಲಿನಲ್ಲಿ ಮೊದಲನೆಯದು ಪೂರ್ತಿ ಸತ್ಯ ಅಲ್ಲ, ಎರಡನೆಯದು ತಪ್ಪು ತೀರ್ಮಾನ. ನಾನು 28 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು. ಅದರಲ್ಲಿ ಆರು ವರ್ಷ ವಿದೇಶಿ ವಿನಿಮಯ ವಿಭಾಗದಲ್ಲೇ ಇದ್ದೆ. ನಿವೃತ್ತಿಯಾಗಿ ತೀರ್ಥಹಳ್ಳಿ–ಕೊಪ್ಪದ ನಡುವಿನ ನಮ್ಮಪ್ಪನ ಮೂರೂವರೆ ಎಕರೆಗೆ ವಾಪಸ್ ಬಂದೆ. ಅಡಿಕೆ, ನಡುವೆ ರೊಬಸ್ಟಾ ಕಾಫಿ, ಮರಕ್ಕೆ ಮೆಣಸಿನ ಬಳ್ಳಿ. ನಮ್ಮಲ್ಲಿ ಹೆಚ್ಚಿನವರ ತೋಟ ಹೀಗೇ ಅಲ್ವಾ? ಕಂಪನಿ ಶುರುವಾದಾಗ ಷೇರು ಹಣ ಕೊಟ್ಟವರಲ್ಲಿ ನಾನೂ ಒಬ್ಬಳು. ಹಾಗಾಗಿ ಇದನ್ನು ಹೊರಗಿನವಳಾಗಿ ಬರೆಯುತ್ತಿಲ್ಲ.

ಮೊದಲು ಫಾರ್ವರ್ಡ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ನಮಗೆ ಗೊತ್ತಿಲ್ಲದ ಸಂಗತಿಯೇನೂ ಅಲ್ಲ ಅದು. ನಾವು ಅದನ್ನು ಚೇಣಿ ಅನ್ನುತ್ತೇವೆ.

ಮರದಲ್ಲಿ ಅಡಿಕೆ ಇನ್ನೂ ಹಸಿರಾಗಿರುವಾಗಲೇ ಫಸಲು ಹಿಡಿಯುವ ಚೇಣಿದಾರ ಬರುತ್ತಾನೆ. ಕ್ವಿಂಟಾಲ್ ಹಸಿ ಅಡಿಕೆಗೆ ಇಷ್ಟು ಅಂತ ಮಾತಾಗುತ್ತದೆ. ಆಮೇಲೆ ಮಂಡಿಯಲ್ಲಿ ರಾಶಿ ಇಡಿ (ಒಣ ಅಡಿಕೆಯ ಒಂದು ಬಗೆ) ದರ ಏರಲಿ, ಇಳಿಯಲಿ, ನಮ್ಮ ದರ ಅದೇ. ಏರಿದರೆ ಹೊಟ್ಟೆ ಉರಿಯುತ್ತದೆ, ಇಳಿದರೆ ಸದ್ಯ ಬಚಾವಾದೆವು ಅನಿಸುತ್ತದೆ. ಆದರೂ ಕೊಡುತ್ತೇವೆ, ಯಾಕಂದರೆ ಮಗಳ ಫೀಸು, ಕೊನೆಗಾರರ ಕೂಲಿ, ಸೊಸೈಟಿ ಸಾಲದ ಕಂತು ಯಾವುದೂ ಮಂಡಿ ದರಕ್ಕಾಗಿ ಕಾಯುವುದಿಲ್ಲ. ಡಾಲರ್ ಫಾರ್ವರ್ಡ್ ಕೂಡ ಅಷ್ಟೇ. ಏಪ್ರಿಲ್‌ನಲ್ಲಿ ನಮಗೆ ಬರಬೇಕಾದ ಡಾಲರನ್ನು ನವೆಂಬರಿನಲ್ಲೇ ಬ್ಯಾಂಕಿಗೆ ಒಂದು ದರಕ್ಕೆ ಮಾತಾಡಿಕೊಂಡುಬಿಡುವುದು.

ಇದು ನಮಗೆ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಮುಂಚೆ ನಿಜವಾಗಲೂ ಬೇಕಿರಲಿಲ್ಲ. ಕಾಫಿಯನ್ನೆಲ್ಲ, ಎಲ್ಲರದ್ದನ್ನೂ ಒಟ್ಟು ಸೇರಿಸಿ ಮಾರುವ ಕಾಫಿ ಬೋರ್ಡಿನ ಪೂಲ್‌ಗೆ ಹಾಕುವ ಕಾಲದಲ್ಲಿ ಬೆಳೆಗಾರನಿಗೆ ಡಾಲರಿನ ಯೋಚನೆ ಇರಲಿಲ್ಲ. ಹಣ ಕಂತುಗಳಲ್ಲಿ, ತಡವಾಗಿ ಬರುತ್ತಿತ್ತು. ಆದರೆ ಮಾರುವ ತಲೆಬಿಸಿ ಬೋರ್ಡಿನದ್ದು. 1996ರಲ್ಲಿ ಆ ಕಟ್ಟು ಪೂರ್ತಿ ಬಿಚ್ಚಿತು. ಅಲ್ಲಿಂದ ರೊಬಸ್ಟಾ ದರ ಅಂದರೆ ಲಂಡನ್ ಪೇಟೆಯದ್ದು, ಅರೇಬಿಕಾ ದರ ಅಂದರೆ ನ್ಯೂಯಾರ್ಕ್ ಪೇಟೆಯದ್ದು. ಬೆಳಿಗ್ಗೆ ಮೊಬೈಲಿನಲ್ಲಿ 50 ಕೆಜಿ ಚೀಲದ ಚೆರಿ (ಸಿಪ್ಪೆ ಸಹಿತ ಒಣಗಿಸಿದ ಕಾಫಿ) ದರ ನೋಡುತ್ತೀರಲ್ಲ, ಅದರ ಒಳಗೆ ಎರಡು ದರ ಸೇರಿಕೊಂಡಿರುತ್ತವೆ. ಒಂದು ಕಾಫಿಯದ್ದು, ಇನ್ನೊಂದು ರೂಪಾಯಿಯದ್ದು. ಲಂಡನ್ನಿನಲ್ಲಿ ಟನ್ನಿಗೆ 4,800 ಡಾಲರ್ ಅಂತಿಟ್ಟುಕೊಳ್ಳಿ. ಅಲ್ಲಿ ಒಂದು ಸೆಂಟ್ ಕೂಡ ಬದಲಾಗದೆ, ಇಲ್ಲಿ ಡಾಲರ್ 84ರಿಂದ 81ಕ್ಕೆ ಬಂದರೆ ಕೆಜಿಗೆ 14 ರೂಪಾಯಿ 40 ಪೈಸೆ ಹೋಯಿತು. ಗಿಡಕ್ಕೆ ಏನೂ ಆಗಿಲ್ಲ, ಮಳೆ ಸರಿಯಾಗಿದೆ, ಕಾಯಿಕೊರಕವೂ ಇಲ್ಲ. ಆದರೂ ಹೋಯಿತು. ಡಾಲರನ್ನು ಕಣ್ಣಲ್ಲಿ ನೋಡದವರ ತೋಟದ ಮೇಲೂ ಅದರ ನೆರಳು ಇದೆ.

ಈಗ ನಮ್ಮ ಕಂಪನಿಯಲ್ಲಿ ಆದದ್ದಕ್ಕೆ ಬರುತ್ತೇನೆ. ಲೆಕ್ಕ ಕಚೇರಿಯಲ್ಲಿ ಕೇಳಿ, ಕೂತು, ಬರೆದುಕೊಂಡು ಬಂದದ್ದು. ತಪ್ಪಿದ್ದರೆ ಸಭೆಯಲ್ಲೇ ತಿದ್ದಿ, ಒಪ್ಪಿಕೊಳ್ಳುತ್ತೇನೆ.

ನವೆಂಬರಿನಲ್ಲಿ ನಮ್ಮ ಕೈಯಲ್ಲಿ ಗಟ್ಟಿ ಆರ್ಡರ್ ಇದ್ದದ್ದು ಒಂದು ಕಂಟೇನರಿಗೆ. 60 ಕೆಜಿಯ 320 ಚೀಲ, ಅಂದರೆ 19.2 ಟನ್. ಟನ್ನಿಗೆ 4,800 ಡಾಲರಿನಂತೆ ಸುಮಾರು 92,000 ಡಾಲರ್. ಆ ದಿನದ ದರ 83.90. ಏಪ್ರಿಲ್ ಕೊನೆಗೆ ಬ್ಯಾಂಕು ಮಾತಾಡಿದ ದರ 84.60. ಈ 70 ಪೈಸೆ ಎಲ್ಲಿಂದ ಬಂತು ಅಂತ ಒಬ್ಬ ಹಿರಿಯರು ನನ್ನನ್ನು ಕೇಳಿದರು. ಅದು ಬ್ಯಾಂಕಿನ ಭವಿಷ್ಯವಾಣಿ ಅಲ್ಲ. ರೂಪಾಯಿಗೆ ಬಡ್ಡಿ ಜಾಸ್ತಿ, ಡಾಲರಿಗೆ ಕಡಿಮೆ. ಆ ವ್ಯತ್ಯಾಸವೇ ಪ್ರೀಮಿಯಂ ಆಗಿ ರಫ್ತು ಮಾಡುವವನಿಗೆ ಸಿಗುತ್ತದೆ. 92,000 ಡಾಲರಿಗೆ ಅದೇ 64,400 ರೂಪಾಯಿ.

ಆ ಕಂಟೇನರಿಗೆ ನಮಗೆ ಕೊಟ್ಟ ದರ, ಕ್ಯೂರಿಂಗ್ (ಸಿಪ್ಪೆ ತೆಗೆದು ಹಸನು ಮಾಡುವುದು), ಸಾಗಣೆ, ಬಂದರಿನ ಖರ್ಚು ಎಲ್ಲ ಸೇರಿ 73 ಲಕ್ಷ. 84.60ರಂತೆ ಬಂದದ್ದು 77,83,200. ಉಳಿದದ್ದು 4,83,200. ಇದನ್ನು ಗಮನವಿಟ್ಟು ನೋಡಿ. ಡಾಲರ್ 81ಕ್ಕೆ ಇಳಿದಿದ್ದರೂ ಈ ಕಂಟೇನರಿನ ಲಾಭಕ್ಕೆ ಏನೂ ಆಗುತ್ತಿರಲಿಲ್ಲ. ಫಾರ್ವರ್ಡ್ ಇರದಿದ್ದರೆ ಆಗ ಉಳಿಯುತ್ತಿದ್ದದ್ದು ಒಂದೂವರೆ ಲಕ್ಷ. 79ಕ್ಕೆ ಇಳಿದರೆ ಕೈಯಿಂದ ಹಾಕಬೇಕಿತ್ತು. ಇಲ್ಲಿ ಫಾರ್ವರ್ಡ್ ತನ್ನ ಕೆಲಸ ಮಾಡಿದೆ.

ಆದರೆ ಅವತ್ತು ಮಾರಿದ್ದು 92,000 ಡಾಲರ್ ಅಲ್ಲ. 2,76,000 ಡಾಲರ್. ಮೂರು ಕಂಟೇನರಿನದ್ದು! ಇನ್ನೆರಡು ಕಂಟೇನರ್ ಹೇಗೂ ಹೋಗುತ್ತದೆ, ರೂಪಾಯಿ ಬಲವಾಗುತ್ತದೆ, ಈಗಲೇ ಮಾಡಿಬಿಡೋಣ ಅಂತ ಯಾರೋ ತೀರ್ಮಾನಿಸಿದರು. ನಿರೀಕ್ಷೆಯ ರಫ್ತಿಗೂ ಫಾರ್ವರ್ಡ್ ಮಾಡಲು ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಅವಕಾಶ ಇದೆ. ಅದು ಅಕ್ರಮ ಅಂತ ನಾನು ಹೇಳುತ್ತಿಲ್ಲ. ಆದರೆ ಆ ಎರಡು ಕಂಟೇನರಿಗೆ ಆರ್ಡರ್ ಇರಲಿಲ್ಲ, ಗೋಡೌನಿನಲ್ಲಿ ಕಾಫಿಯೂ ಇರಲಿಲ್ಲ. ಹಂಗಾಮಿನಲ್ಲಿ ದರ ಏರಿತು. ಹೊರಗಿನ ವ್ಯಾಪಾರಿಗಳು ಕಣಕ್ಕೇ ಬಂದು, ಕಂಪನಿಗಿಂತ ಜಾಸ್ತಿ ದರ ಹೇಳಿ, ನಗದು ಕೊಟ್ಟು ಒಯ್ದರು. ನಾನೂ ಹತ್ತು ಚೀಲ ಹೊರಗೆ ಕೊಟ್ಟೆ. ಇದನ್ನು ಮುಚ್ಚಿಟ್ಟು ಈ ಪತ್ರ ಬರೆಯಲು ನನಗೆ ಮನಸ್ಸಿಲ್ಲ. ನಮ್ಮ ಹಾಗೆ ನೂರಾರು ಜನ ಕೊಟ್ಟರು. ಕಂಪನಿಗೆ ಸಿಕ್ಕಿದ್ದು ಒಂದು ಕಂಟೇನರಿನಷ್ಟು ಮಾತ್ರ.

ಏಪ್ರಿಲ್ ಕೊನೆಗೆ ಬ್ಯಾಂಕು ಕೇಳಿತು, ಉಳಿದ 1,84,000 ಡಾಲರ್ ಎಲ್ಲಿ ಅಂತ. ನಮ್ಮಲ್ಲಿ ಇರಲಿಲ್ಲ. ಅವತ್ತಿನ ದರ 87.40. ಒಪ್ಪಂದ ರದ್ದು ಮಾಡಲು ಪ್ರತಿ ಡಾಲರಿಗೆ 2 ರೂಪಾಯಿ 80 ಪೈಸೆ ಕಟ್ಟಬೇಕಾಯಿತು. ಅದೇ 5,15,200.

ಚೇಣಿಯ ಮಾತಿನಲ್ಲೇ ಹೇಳಲಾ? ತೋಟದಲ್ಲಿ ಹತ್ತು ಕ್ವಿಂಟಾಲ್ ಅಡಿಕೆ ಇರುವವನು ಮೂವತ್ತು ಕ್ವಿಂಟಾಲಿಗೆ ಮಾತು ಕೊಟ್ಟ. ಅಡಿಕೆ ದರ ಏರಿತು. ಬಾಕಿ ಇಪ್ಪತ್ತು ಕ್ವಿಂಟಾಲನ್ನು ಏರಿದ ದರಕ್ಕೆ ಹೊರಗಿನಿಂದ ತಂದು ಕೊಡಬೇಕಾಯಿತು. ಇದರಲ್ಲಿ ಚೇಣಿಯ ತಪ್ಪೇನಿದೆ? ಇಲ್ಲದ ಅಡಿಕೆಗೆ ಮಾತು ಕೊಟ್ಟದ್ದು ತಪ್ಪು.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಮೊನ್ನೆ ಕೆಲವರು, ಆ ಮೊದಲ ಕಂಟೇನರಿಗೂ ಫಾರ್ವರ್ಡ್ ಮಾಡದೇ ಇದ್ದಿದ್ದರೆ ಇನ್ನೂ ಎರಡೂವರೆ ಲಕ್ಷ ಬರುತ್ತಿತ್ತು, ಅದೂ ನಷ್ಟವೇ ಅಂದರು. ದಯವಿಟ್ಟು ಹಾಗೆ ಲೆಕ್ಕ ಹಾಕಬೇಡಿ. ಬರದೇ ಹೋದ ಲಾಭ ಬೇರೆ, ಜೇಬಿನಿಂದ ಹೋದ ಹಣ ಬೇರೆ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆದರೆ ಮುಂದೆ ಯಾವ ಮ್ಯಾನೇಜರೂ ಕಂಪನಿಯನ್ನು ಕಾಪಾಡುವ ಕೆಲಸಕ್ಕೆ ಕೈ ಹಾಕುವುದಿಲ್ಲ. ರೂಪಾಯಿ ಯಾವ ಕಡೆ ಹೋಗುತ್ತದೆ ಅಂತ ಊಹಿಸುವ ಆಟಕ್ಕೇ ಇಳಿಯುತ್ತಾರೆ. ನಾನು ಆ ವಿಭಾಗದಲ್ಲಿದ್ದಾಗ ಒಂದು ಪಾಠ ಮಾತ್ರ ಚೆನ್ನಾಗಿ ಕಲಿತೆ. ಊಹೆಗೆ ಯಾರೂ ಪರಿಣತರಲ್ಲ. 2008ರ ಶುರುವಿನಲ್ಲಿ ಡಾಲರ್ 39 ರೂಪಾಯಿ ಹತ್ತಿರ ಇತ್ತು. ರೂಪಾಯಿ ಇನ್ನೂ ಬಲವಾಗುತ್ತದೆ ಅಂತ ದೊಡ್ಡ ದೊಡ್ಡವರು ಹೇಳುತ್ತಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ 50 ಮುಟ್ಟಿತು.

ಆಗ ನಾನು ಕೊಯಮತ್ತೂರಿನಲ್ಲಿದ್ದೆ. ತಿರುಪ್ಪೂರಿನ ಬನಿಯನ್ ರಫ್ತುದಾರರು ಬರುತ್ತಿದ್ದ ಊರು. ಒಬ್ಬರು ಒಂದು ಮಧ್ಯಾಹ್ನ ನನ್ನ ಎದುರಿಗೆ ಕೂತು, ಬೇರೆ ಕಡೆ ಸಹಿ ಹಾಕಿದ್ದ ಕಾಗದವನ್ನು ತೆಗೆದಿಟ್ಟು, ಇದರಲ್ಲಿ ಏನಿದೆ ಅಂತ ಒಮ್ಮೆ ಓದಿ ಹೇಳಮ್ಮಾ ಅಂದರು. ಸ್ವಿಸ್ ಫ್ರಾಂಕ್ ಮೇಲಿನ ಆಪ್ಷನ್. ಆಪ್ಷನ್ ಅಂದರೆ ಮುಂದೆ ಗೊತ್ತಾದ ದರಕ್ಕೆ ಕೊಳ್ಳುವ ಅಥವಾ ಮಾರುವ ಹಕ್ಕು; ಹಕ್ಕು ಕೊಂಡವನು ಬೇಡ ಅನ್ನಬಹುದು, ಮಾರಿದವನು ಮಾತು ಉಳಿಸಿಕೊಳ್ಳಲೇಬೇಕು. ಖರ್ಚಿಲ್ಲದ ರಕ್ಷಣೆ ಅಂತ ಅವರಿಗೆ ಮಾರಿದ್ದರು. ಅವರ ವ್ಯಾಪಾರದಲ್ಲಿ ಫ್ರಾಂಕೇ ಇರಲಿಲ್ಲ. ಬರುತ್ತಿದ್ದದ್ದು ಡಾಲರ್, ಖರ್ಚು ರೂಪಾಯಿ. ನಾನು ಓದಿ ಹೇಳುತ್ತಾ ಹೋದಂತೆ ಅವರ ಮುಖ ಇಳಿಯುತ್ತಾ ಹೋದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಕಾಲದಲ್ಲಿ ಹೀಗೆ ಸಿಕ್ಕಿಬಿದ್ದ ರಫ್ತುದಾರರು ಕೋರ್ಟಿಗೂ ಹೋದರು. 2011ರ ಏಪ್ರಿಲಿನಲ್ಲಿ ಈ ಬಗೆಯ ವ್ಯವಹಾರದ ನಿಯಮ ಮೀರಿದ್ದಕ್ಕೆ ರಿಸರ್ವ್ ಬ್ಯಾಂಕು 19 ಬ್ಯಾಂಕುಗಳಿಗೆ ದಂಡ ಹಾಕಿತು. ಆ ದಂಡ ರಫ್ತುದಾರರಿಗೆ ಸಿಗುವಂಥದ್ದಲ್ಲ. ರಫ್ತುದಾರರ ಮನೆ ಹಣ ವಾಪಸ್ ಬರಲಿಲ್ಲ.

ಹಾಗಂತ ಫಾರ್ವರ್ಡ್ ಬೇಡವೇ ಬೇಡ ಅನ್ನುವುದು, ಕೊನೆಗಾರ ಬಿದ್ದ ಅಂತ ಇನ್ನು ಮೇಲೆ ಕೊನೆ ತೆಗೆಸುವುದೇ ಬೇಡ ಅಂದ ಹಾಗೆ. ಏನೂ ಮಾಡದೆ ಸುಮ್ನೆ ಇರುವುದೂ ಒಂದು ತೀರ್ಮಾನವೇ. ಅದರ ಅರ್ಥ, ಆರು ತಿಂಗಳು ರೂಪಾಯಿ ಯಾವ ಕಡೆ ಹೋದರೂ ಅದರ ಪೆಟ್ಟು ಪೂರ್ತಿ ನಮ್ಮ ಮೇಲೆಯೇ ಬೀಳಲಿ ಅಂತ. ಸಾವಿರ ಚಿಲ್ಲರೆ ಜನರ ಪರವಾಗಿ ಎರಡು ಸಾಲಿನ ಸುತ್ತೋಲೆಯಲ್ಲಿ ಆ ತೀರ್ಮಾನ ಮಾಡುವ ಹಕ್ಕು ಯಾರಿಗಿದೆ?

ಇಲ್ಲಿಂದ ನನ್ನ ನಿಜವಾದ ಸಂಕಟ ಶುರುವಾಗುತ್ತದೆ. 2,76,000 ಡಾಲರ್ ಮಾರಿದ ತೀರ್ಮಾನ ಯಾರದ್ದು ಅಂತ ನಾನು ನಾಲ್ಕು ಜನರನ್ನು ಕೇಳಿದೆ. ಮ್ಯಾನೇಜರ್ ಅಧ್ಯಕ್ಷರ ಕಡೆ ತೋರಿಸಿದರು. ಅಧ್ಯಕ್ಷರು, ಅದು ನಮ್ಮ ಕಂಪನಿ ಮಾಡಿದ್ದಲ್ಲ, ರಫ್ತು ಕಂಪನಿ ಮಾಡಿದ್ದು ಅಂದರು. ರಫ್ತು ಕಂಪನಿಯ ಕಡತ ತೋರಿಸಿ ಅಂದರೆ, ಅದು ಬೇರೆ ಕಂಪನಿ, ನೀವು ಅದರ ಷೇರುದಾರರಲ್ಲ ಅಂದರು.

ಬಂಧುಗಳೇ, ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು, ನಮ್ಮ ಕಾಫಿಯನ್ನು ಹೊರದೇಶಕ್ಕೆ ಮಾರುವುದು ನಮ್ಮ ಕಂಪನಿ ಅಲ್ಲ ಅಂತ? ಮೂರು ವರ್ಷದ ಹಿಂದೆ ಒಂದು ಅಂಗಸಂಸ್ಥೆ ಮಾಡಿದರು, ಪ್ರೈವೇಟ್ ಲಿಮಿಟೆಡ್. ಅದರಲ್ಲಿ 51 ಪಾಲು ನಮ್ಮ ಕಂಪನಿಯದ್ದು. ಉಳಿದ 49 ಪಾಲು ಒಂದು ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಯದ್ದು (ಎಲ್ಎಲ್‌ಪಿ). ಆ ಸಂಸ್ಥೆಯ ಪಾಲುದಾರರು ನಮ್ಮ ಇಬ್ಬರು ನಿರ್ದೇಶಕರ ಮನೆಯವರು. ಆಗ ಬಂಡವಾಳ ಬೇಕಿತ್ತು, ಅವರು ಹಾಕಿದರು, ಅದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಅಂಗಸಂಸ್ಥೆ ಮಾಡುವುದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ.

ಆದರೆ ಹಣ ಹೇಗೆ ಓಡಾಡುತ್ತದೆ ಅಂತ ನೋಡಿ. ನಮ್ಮಿಂದ ಕಾಫಿ ಕೊಳ್ಳುವುದು ನಮ್ಮ ಕಂಪನಿ. ಅದರಿಂದ ಕೊಳ್ಳುವುದು ರಫ್ತು ಕಂಪನಿ. ಯಾವ ದರಕ್ಕೆ ಅನ್ನುವುದನ್ನು ಹೇಳುವವರು ಎರಡೂ ಕಡೆ ಆ ಇಬ್ಬರು ನಿರ್ದೇಶಕರೇ. ಆ ಒಂದು ಕಂಟೇನರಿನ 4,83,200 ಲಾಭ ರಫ್ತು ಕಂಪನಿಯ ಪುಸ್ತಕದಲ್ಲಿ ನಿಂತಿದೆ. ಅದರಲ್ಲಿ 49 ಪಾಲು, ಅಂದರೆ 2,36,000 ಚಿಲ್ಲರೆ, ಆ ಎರಡು ಮನೆಗಳಿಗೆ ಸೇರುತ್ತದೆ. 5,15,200 ನಷ್ಟ ಎಲ್ಲಿದೆ? ಅದು ರಫ್ತು ಸೇವಾ ವೆಚ್ಚ ಅನ್ನುವ ಹೆಸರಿನಲ್ಲಿ ನಮ್ಮ ಕಂಪನಿಯ ಖರ್ಚಿಗೆ ಬಂದಿದೆ. ಲಾಭ 51ಕ್ಕೆ 49. ನಷ್ಟ ಮಾತ್ರ ನೂರಕ್ಕೆ ನೂರು ನಮ್ಮದು.

ಇದು ಬೇಕಂತಲೇ ಮಾಡಿದ್ದು ಅಂತ ನಾನು ಹೇಳುವುದಿಲ್ಲ. ಆ ಇಬ್ಬರೂ ನನ್ನ ಕಷ್ಟಕ್ಕೆ ಬಂದವರು, ನಮ್ಮಪ್ಪನ ಕಾರ್ಯಕ್ಕೆ ಮೂರು ದಿನ ಮನೆಯಲ್ಲಿ ನಿಂತವರು. ಅದಕ್ಕೇ ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ. ಇಂಥ ಹೊಂದಿಕೆಯಲ್ಲಿ ಒಳ್ಳೆಯವರಿಗೂ ತಪ್ಪು ದಾರಿ ಸುಲಭವಾಗುತ್ತದೆ. ಲಾಭದಲ್ಲಿ ಅರ್ಧ ತನಗೆ ಬರುತ್ತದೆ, ನಷ್ಟ ಬೇರೆಯವರದ್ದು ಅಂದಾಗ, ಮೂರು ಕಂಟೇನರಿಗೆ ಮಾತು ಕೊಡುವ ಕೈಗೆ ಧೈರ್ಯ ಸ್ವಲ್ಪ ಜಾಸ್ತಿಯೇ ಬರುತ್ತದೆ. ಡಾಲರಿನ ನಷ್ಟದ ಬೇರು ನನಗೆ ಕಾಣುವುದು ಇಲ್ಲಿ.

ನಾವು ಸೇರಿದ್ದು ಇಂಥ ಕಂಪನಿಗೆ ಅಲ್ಲ. ಬೆಳೆಗಾರರ ಕಂಪನಿ ಅನ್ನುವ ಈ ಏರ್ಪಾಡು ಹೇಗೆ ಬಂತು ಅಂತ ಹೊಸಬರಿಗೆ ಗೊತ್ತಿರಲಿ. ನಮ್ಮ ಕಡೆ ಸಹಕಾರ ಸಂಘ ಹೊಸದಲ್ಲ. ಮ್ಯಾಮ್‌ಕೋಸ್ ಶುರುವಾದದ್ದು 1939ರಲ್ಲಿ, ಕ್ಯಾಂಪ್ಕೊ 1973ರಲ್ಲಿ; ಎರಡೂ ಅಡಿಕೆ ಬೆಳೆಗಾರರ ಮಾರಾಟ ಸಹಕಾರಿಗಳು. ಸಹಕಾರಿಯ ಸಮಾನತೆಯನ್ನೂ ಕಂಪನಿಯ ಸಲೀಸನ್ನೂ ಸೇರಿಸಬೇಕು ಅಂತ ಅರ್ಥಶಾಸ್ತ್ರಜ್ಞ ವೈ.ಕೆ. ಅಲಘ್ ಅವರ ಸಮಿತಿ ಹೇಳಿತು. 2002ರ ತಿದ್ದುಪಡಿಯಲ್ಲಿ ಅದು ಕಾನೂನಾಯಿತು. 2020ರ ತಿದ್ದುಪಡಿಯಿಂದ 2013ರ ಕಂಪನಿ ಕಾಯ್ದೆಯ ಒಳಗೇ ಅದಕ್ಕೆ ಒಂದು ಅಧ್ಯಾಯ ಬಂತು. ಬೇರೆ ಕಂಪನಿಯಲ್ಲಿ ಷೇರು ಜಾಸ್ತಿ ಇದ್ದವನ ಮಾತು ಜಾಸ್ತಿ. ನಮ್ಮಲ್ಲಿ ಹಾಗಿಲ್ಲ. ಹತ್ತು ಷೇರು ಇದ್ದವರಿಗೂ ಸಾವಿರ ಷೇರು ಇದ್ದವರಿಗೂ ಒಂದೇ ಓಟು. ಷೇರನ್ನು ಪೇಟೆಯಲ್ಲಿ ಮಾರುವ ಹಾಗಿಲ್ಲ. ಬೆಳೆಯದವನು ಸದಸ್ಯನಾಗುವ ಹಾಗಿಲ್ಲ. ಕಂಪನಿ ಹೊರಗಿನವರ ಕೈಗೆ ಹೋಗಬಾರದು ಅಂತಲೇ ಈ ಕಟ್ಟು ಹಾಕಿದ್ದು. ಮುಂಬಾಗಿಲಿಗೆ ಇಷ್ಟು ದಪ್ಪ ಅಗುಳಿ ಹಾಕಿ, ಹಿತ್ತಿಲ ಬಾಗಿಲನ್ನು ಅಂಗಸಂಸ್ಥೆಯ ಹೆಸರಿನಲ್ಲಿ ತೆರೆದಿಟ್ಟರೆ ಅಗುಳಿ ಯಾಕೆ?

ಕಡತ ತೋರಿಸಲು ಆಗುವುದಿಲ್ಲ ಅಂದದ್ದಕ್ಕೂ ಉತ್ತರ ಕಾನೂನಿನಲ್ಲೇ ಇದೆ. ನಮ್ಮ ಕಂಪನಿ ಬೇರೆ ಕಡೆ ಹೂಡಿದ ಹಣದ ವಿವರ ಇರುವ ಒಂದು ರಿಜಿಸ್ಟರ್ ನೋಂದಾಯಿತ ಕಚೇರಿಯಲ್ಲಿ ಇರಬೇಕು. ಯಾವ ಸದಸ್ಯನಾದರೂ ಅದನ್ನು ನೋಡಬಹುದು, ಬೇಕಾದ್ದನ್ನು ಬರೆದುಕೊಳ್ಳಬಹುದು. ಅಂಗಸಂಸ್ಥೆ ಇರುವ ಕಂಪನಿ ಎರಡನ್ನೂ ಕೂಡಿಸಿದ ಲೆಕ್ಕಪತ್ರವನ್ನೂ ವಾರ್ಷಿಕ ಸಭೆಯ ಮುಂದೆ ಇಡಬೇಕು. ಹೋದ ವರ್ಷದ ಸಭೆಯಲ್ಲಿ ನಮಗೆ ಕೊಟ್ಟದ್ದು ಒಂದೇ ಲೆಕ್ಕ. ಊಟಕ್ಕೆ ಹೊತ್ತಾಯಿತು ಅಂತ ಅದನ್ನೂ ಓದಲಿಲ್ಲ. ನಾವೂ ಕೇಳಲಿಲ್ಲ.

ಷೇರುಪೇಟೆಯಲ್ಲಿರುವ ಕಂಪನಿಗಳು ಇದನ್ನು ಹೇಗೆ ಮಾಡುತ್ತವೆ ನೋಡಿ. ಡಾಲರಿನಲ್ಲೇ ಹೆಚ್ಚು ದುಡಿಯುವ ನಮ್ಮ ಬೆಂಗಳೂರಿನ ಇನ್ಫೋಸಿಸ್‌ನ ವಾರ್ಷಿಕ ವರದಿ ಯಾರು ಬೇಕಾದರೂ ಓದಬಹುದು. ವರ್ಷದ ಕೊನೆಗೆ ಯಾವ ದೇಶದ ಹಣದಲ್ಲಿ ಎಷ್ಟು ಫಾರ್ವರ್ಡ್, ಎಷ್ಟು ಆಪ್ಷನ್ ಬಾಕಿ ಇದೆ ಅಂತ ಅಂಕಿ ಸಮೇತ ಅದರಲ್ಲಿರುತ್ತದೆ. ವಿದೇಶಿ ಹಣದ ಅಪಾಯವನ್ನು ಹೇಗೆ ನೋಡಿಕೊಳ್ಳುತ್ತೇವೆ ಅಂತ ಆಡಳಿತದ ವರದಿಯಲ್ಲಿ ಬರೆಯಲೇಬೇಕು ಅನ್ನುವುದು ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿಯ ನಿಯಮ. ನಮಗೆ ಆ ನಿಯಮ ಇಲ್ಲ, ನಿಜ. ಆದರೆ ಲಕ್ಷಾಂತರ ಅಪರಿಚಿತ ಷೇರುದಾರರಿಗೆ ಅವರು ಹೇಳುವುದನ್ನು, ಒಂದೇ ಸಂತೆಯಲ್ಲಿ ಭೇಟಿಯಾಗುವ ನಮಗೆ ನಮ್ಮವರು ಹೇಳಬಾರದಾ?

ನನ್ನ ಬೇಡಿಕೆ ದೊಡ್ಡದೇನಲ್ಲ. ಒಂದು ಹಾಳೆ. ಕನ್ನಡದಲ್ಲಿ. ಡಾಲರಿನ ಬಗ್ಗೆ ನಮ್ಮ ಕಂಪನಿಯ ನಿಯಮ ಇದು ಅಂತ ಅದರಲ್ಲಿ ಇರಲಿ. ಗಟ್ಟಿ ಆರ್ಡರ್ ಇದ್ದರೆ ಅದರ ಮುಕ್ಕಾಲು ಪಾಲಿಗೆ ಫಾರ್ವರ್ಡ್ ಮಾಡೋಣ. ಆರ್ಡರ್ ಇಲ್ಲದ, ಬರೀ ನಿರೀಕ್ಷೆಯ ಕಾಫಿಗೆ ಮಾಡುವುದಾದರೆ ಕಾಲು ಪಾಲು ಮೀರಬಾರದು. ಅದೂ ಸದಸ್ಯರು ಇಷ್ಟು ಚೀಲ ಕೊಡುತ್ತೇವೆ ಅಂತ ಬರೆದುಕೊಟ್ಟ ಲೆಕ್ಕದ ಮೇಲೆ. ಆಪ್ಷನ್ ಕೊಳ್ಳಬಹುದು, ಮಾರಬಾರದು. ಕೊಂಡರೆ ಆ ಹಕ್ಕಿಗೆ ಕೊಟ್ಟ ಬೆಲೆಗಿಂತ (ಅದನ್ನೂ ಪ್ರೀಮಿಯಂ ಅನ್ನುತ್ತಾರೆ) ಹೆಚ್ಚು ಹೋಗುವುದಿಲ್ಲ. ಮಾರಿದರೆ ಎಷ್ಟು ಹೋಗುತ್ತದೆ ಅನ್ನುವುದಕ್ಕೆ ತಳವೇ ಇಲ್ಲ. ಖರ್ಚಿಲ್ಲದ್ದು ಅಂತ ಯಾರಾದರೂ ತಂದರೆ ಅದರ ಒಳಗೆ ನಾವು ಏನನ್ನೋ ಮಾರಿರುತ್ತೇವೆ ಅಂತಲೇ ತಿಳಿಯಬೇಕು. ಬ್ಯಾಂಕಿನ ಜೊತೆ ದರ ಮಾತಾಡುವವರು ಒಬ್ಬರು, ಬ್ಯಾಂಕಿನಿಂದ ಬಂದ ಕಾಗದವನ್ನು ತಾಳೆ ನೋಡುವವರು ಇನ್ನೊಬ್ಬರು ಇರಲಿ. ಎರಡೂ ಒಬ್ಬರೇ ಆದಲ್ಲಿ ತಪ್ಪು ತಿಂಗಳುಗಟ್ಟಲೆ ಅಡಗಿ ಕೂರುತ್ತದೆ. ನಮ್ಮಲ್ಲೂ ಆಗಿದ್ದು ಅದೇ. ನವೆಂಬರಿನ ಒಪ್ಪಂದದ ಸುದ್ದಿ ನಮಗೆ ತಿಳಿದದ್ದು ಮಳೆಗಾಲದಲ್ಲಿ.

ತಿಂಗಳಿಗೊಮ್ಮೆ ಗೋಡೌನಿನ ಗೋಡೆಗೆ ಮೂರು ಅಂಕಿ ಅಂಟಿಸಿ. ಎಷ್ಟು ಡಾಲರಿನ ಆರ್ಡರ್ ಇದೆ, ಎಷ್ಟಕ್ಕೆ ಫಾರ್ವರ್ಡ್ ಆಗಿದೆ, ಯಾವ ದರಕ್ಕೆ. ಚೀಲ ಇಳಿಸಲು ಬಂದವರು ಓದಿಕೊಂಡು ಹೋಗುತ್ತಾರೆ. ಎರಡನೇ ಅಂಕಿ ಮೊದಲನೆಯದಕ್ಕಿಂತ ದೊಡ್ಡದಾದ ದಿನ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.

ಫಾರ್ವರ್ಡ್ ಇಲ್ಲದೆಯೂ ಉಳಿಸುವ ದಾರಿ ಇದೆ. ಹೋದ ವರ್ಷ ಕಾಳು ಬೇರ್ಪಡಿಸುವ ಕಲರ್ ಸಾರ್ಟರ್ ಯಂತ್ರ ತರಿಸಿದೆವಲ್ಲ, ಅದರ ಹಣ ಕಟ್ಟಿದ್ದು ಡಾಲರಿನಲ್ಲಿ. ಆ ತಿಂಗಳೇ ಮೆಣಸು ಮಾರಿದ ಡಾಲರೂ ಬಂದಿತ್ತು. ಬಂದ ಡಾಲರನ್ನು ಬ್ಯಾಂಕಿಗೆ ಕಡಿಮೆ ದರಕ್ಕೆ ಕೊಟ್ಟು, ಅದೇ ಬ್ಯಾಂಕಿನಿಂದ ಹೆಚ್ಚು ದರಕ್ಕೆ ಡಾಲರ್ ಕೊಂಡು ಯಂತ್ರದವರಿಗೆ ಕಳಿಸಿದೆವು. ವಿದೇಶಿ ಹಣ ಗಳಿಸುವವರಿಗಾಗಿ ಇರುವ ಇಇಎಫ್‌ಸಿ ಖಾತೆಯಲ್ಲಿ ಆ ಡಾಲರನ್ನು ಇಟ್ಟುಕೊಂಡು ನೇರ ಕಟ್ಟಬಹುದಿತ್ತು. ಎರಡು ಸಲ ಕಮಿಷನ್ ಹೋಗುತ್ತಿರಲಿಲ್ಲ. ಕಾಫಿ ಕೊಳ್ಳಲು ತೆಗೆಯುವ ಪ್ಯಾಕಿಂಗ್ ಕ್ರೆಡಿಟ್ ಸಾಲವನ್ನೂ ಡಾಲರಿನಲ್ಲೇ ತೆಗೆಯಬಹುದು. ಬರುವ ಡಾಲರಿನಿಂದಲೇ ತೀರುತ್ತದೆ. ರೂಪಾಯಿ ಏರಲಿ ಇಳಿಯಲಿ, ಆ ಮಟ್ಟಿಗೆ ಚಿಂತೆ ಇಲ್ಲ. ಇದನ್ನೆಲ್ಲ ಹೇಳಲು ನಮ್ಮ ಮಂಡಳಿಯಲ್ಲಿ ತಿಳಿದವರು ಒಬ್ಬರು ಬೇಕು. ನಿರ್ದೇಶಕರ ಸಂಖ್ಯೆಯ ಐದನೇ ಒಂದು ಪಾಲಿನವರೆಗೆ ಪರಿಣತರನ್ನು ಸೇರಿಸಿಕೊಳ್ಳಲು ಕಾಯ್ದೆಯಲ್ಲೇ ಜಾಗ ಇದೆ. ನನ್ನನ್ನು ಸೇರಿಸಿ ಅಂತ ಕೇಳುತ್ತಿಲ್ಲ. ನನಗೆ ವಯಸ್ಸಾಯಿತು, ಹೊಸ ನಿಯಮ ಓದುವ ಕಣ್ಣು ಈಗಿಲ್ಲ. ನಮ್ಮ ಮಕ್ಕಳಲ್ಲೇ ಶಿವಮೊಗ್ಗದಲ್ಲಿ, ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರಿದ್ದಾರೆ. ಒಬ್ಬರನ್ನು ಕರೆಯಿರಿ.

ಒಬ್ಬನೇ ಗಿರಾಕಿಯನ್ನು ನಂಬುವ ವಿಚಾರವನ್ನೂ ಒಂದು ಮಾತು ಹೇಳಿ ಮುಗಿಸುತ್ತೇನೆ. ಈ ಗುಡ್ಡಗಳಿಗೆ ಅದು ಗೊತ್ತಿರುವ ಕಥೆ. 1976ರಲ್ಲಿ ಕುದುರೆಮುಖದ ಕಬ್ಬಿಣದ ಅದಿರಿನ ಕಂಪನಿ ಹುಟ್ಟಿದ್ದೇ ಇರಾನ್ ಹಣ ಕೊಡುತ್ತದೆ, ಅದಿರನ್ನೂ ಅದೇ ಕೊಳ್ಳುತ್ತದೆ ಅನ್ನುವ ಭರವಸೆಯ ಮೇಲೆ. 1979ರಲ್ಲಿ ಅಲ್ಲಿ ಕ್ರಾಂತಿ ಆಯಿತು, ಗಿರಾಕಿ ಹೋದ, ಬೇರೆ ದೇಶಗಳಲ್ಲಿ ಕೊಳ್ಳುವವರನ್ನು ಹುಡುಕಬೇಕಾಯಿತು. ಅದು ಸರ್ಕಾರದ ಕಂಪನಿ, ತಡೆದುಕೊಂಡಿತು. ನಮ್ಮ ರಫ್ತು ಪೂರ್ತಿ ನಿಂತಿರುವುದೂ ಒಬ್ಬ ಗಿರಾಕಿಯ ಮೇಲೆ. ಯಾವ ಫಾರ್ವರ್ಡೂ ಅದಕ್ಕೆ ರಕ್ಷೆ ಅಲ್ಲ.

ಅಂಗಸಂಸ್ಥೆಯ ವಿಷಯದಲ್ಲಿ ನಾನು ಕೇಳುವುದು ಇಷ್ಟು. ಆ 49 ಪಾಲನ್ನು ನ್ಯಾಯವಾದ ಬೆಲೆ ಕಟ್ಟಿಸಿ ನಮ್ಮ ಕಂಪನಿಯೇ ಕೊಂಡುಕೊಳ್ಳಲಿ. ಬೆಲೆ ಕಟ್ಟುವವರು ಹೊರಗಿನವರಾಗಿರಲಿ. ಹಣ ಒಂದೇ ಸಲ ಇಲ್ಲದಿದ್ದರೆ ಮೂರು ವರ್ಷದಲ್ಲಿ ಕೊಡೋಣ, ಅವರಿಗೂ ಅನ್ಯಾಯ ಆಗಬಾರದು. ಅಲ್ಲಿಯವರೆಗೆ ನಷ್ಟವನ್ನೂ 51ಕ್ಕೆ 49ರಂತೆಯೇ ಹಂಚಿ, 5,15,200ರಲ್ಲಿ ಅವರ ಪಾಲಿನ 2,52,448 ರೂಪಾಯಿಯನ್ನು ನಮ್ಮ ಪುಸ್ತಕದಿಂದ ತೆಗೆಯಿರಿ. ಈ ವಿಷಯ ಚರ್ಚೆಗೆ ಬಂದಾಗ ಆ ಇಬ್ಬರು ನಿರ್ದೇಶಕರು ಕೋಣೆಯಿಂದ ಹೊರಗಿರಲಿ. ಅದು ಅವಮಾನ ಅಲ್ಲ. ಮನೆಯ ಪಾಲುಪಟ್ಟಿ ಬರೆಯುವಾಗ ಪಾಲುದಾರನ ಕೈಗೆ ಲೇಖನಿ ಕೊಡುವುದಿಲ್ಲವಲ್ಲ, ಹಾಗೆ.

ಷೇರುದಾರ ಬಂಧುಗಳಲ್ಲೂ ಒಂದು ಕೇಳಿಕೆ. ಸಾಮಾನ್ಯ ಸಭೆಗೆ 14 ದಿನ ಮೊದಲು ನೋಟಿಸ್ ಬರುತ್ತದೆ. ಸಭೆ ನಡೆಯಲು ಸದಸ್ಯರಲ್ಲಿ ಕಾಲು ಭಾಗ ಜನ ಇರಬೇಕು. ಹೋದ ಸಲ ಹಾಜರಿ ಪುಸ್ತಕ ಮನೆ ಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಯಿತು. ಈ ಸಲ ಸಹಿ ಮನೆಯಲ್ಲಿ ಹಾಕಬೇಡಿ, ಸಭೆಗೆ ಬಂದು ಹಾಕಿ. ಹೆಂಗಸರ ಹೆಸರಿನಲ್ಲಿ ಷೇರು ಇರುವ ಮನೆಗಳಿಂದ ಹೆಂಗಸರೇ ಬನ್ನಿ. ಕಾಫಿ ಕೊಡುತ್ತೇನೆ ಅಂತ ಬರೆದುಕೊಟ್ಟರೆ ಆ ಚೀಲಗಳನ್ನು ಕಂಪನಿಗೇ ಕೊಡೋಣ. ಈ ವರ್ಷ ನನ್ನ ಹೆಸರಿನಲ್ಲಿ 40 ಚೀಲ ಬರೆದುಕೊಳ್ಳಿ. ಹೊರಗೆ ಎಷ್ಟೇ ದರ ಬಂದರೂ ಅದು ಗೋಡೌನಿಗೇ ಬರುತ್ತದೆ.

ಅಧ್ಯಕ್ಷರೇ, ಮೂರನೇ ಒಂದು ಭಾಗದ ಸದಸ್ಯರು ಸಹಿ ಹಾಕಿ ಕೇಳಿದರೆ ವಿಶೇಷ ಸಭೆ ಕರೆಯಲೇಬೇಕು ಅಂತ ಕಾಯ್ದೆಯಲ್ಲಿದೆ. ಆ ದಾರಿಗೆ ಹೋಗುವ ಮನಸ್ಸು ನನಗಿಲ್ಲ. ಸೆಪ್ಟೆಂಬರಿನ ವಾರ್ಷಿಕ ಸಭೆಯ ನೋಟಿಸಿನಲ್ಲಿ ಎರಡು ವಿಷಯ ಸೇರಿಸಿ: ಡಾಲರ್ ವ್ಯವಹಾರದ ನಿಯಮ, ರಫ್ತು ಕಂಪನಿಯ ಪಾಲು. ಊಟಕ್ಕೆ ಮೊದಲು ಚರ್ಚೆಗೆ ತನ್ನಿ.

ಮುಂದಿನ ಮೂರು ಭಾನುವಾರ ಬೆಳಿಗ್ಗೆ ಹತ್ತರಿಂದ ಗೋಡೌನಿನ ಜಗಲಿಯಲ್ಲಿ ಕೂತಿರುತ್ತೇನೆ. ಲೆಕ್ಕದ ಹಾಳೆಗಳೆಲ್ಲ ನನ್ನ ಹತ್ತಿರ ಇರುತ್ತವೆ. ಅರ್ಥವಾಗದವರು, ಒಪ್ಪದವರು, ನನ್ನ ಅಂಕಿ ತಪ್ಪು ಅನ್ನುವವರು ಎಲ್ಲರೂ ಬನ್ನಿ. ಆ ಇಬ್ಬರು ನಿರ್ದೇಶಕರೂ ಬಂದರೆ ನನಗೆ ತುಂಬಾ ಸಂತೋಷ.

ಇಂತಿ,
ನಿಮ್ಮಲ್ಲಿ ಒಬ್ಬಳಾದ ಷೇರುದಾರಳು